ನಾಲ್ಕನೆಯವನನ್ನು ಆರಿಸುವ ಹೊತ್ತು

ಮೊಬೈಲ್ ಆಟಕ್ಕೆ ಜೊತೆಗಾರ ಬೇಕಾದಾಗ ನಮ್ಮ ಹುಡುಗರು ಮೊದಲು ನೋಡುವುದು ಪ್ರೊಫೈಲ್. ಅದು ಹೇಳುವುದೆಷ್ಟು, ಮುಚ್ಚಿಡುವುದೆಷ್ಟು?

ಮೂವರು ಆಟಕ್ಕೆ ಸಿದ್ಧರಿದ್ದಾರೆ ಎಂದುಕೊಳ್ಳಿ. ಒಬ್ಬ ಹರಪನಹಳ್ಳಿಯ ಕಾಲೇಜು ಹುಡುಗ, ಇನ್ನೊಬ್ಬ ಕೊಟ್ಟೂರಿನಲ್ಲಿ ತನ್ನ ಮನೆಯ ಕಟ್ಟೆಯ ಮೇಲೆ ಕೂತಿದ್ದಾನೆ, ಮೂರನೆಯವನು ದುಡಿಯಲು ಹೋಗಿ ಬೆಂಗಳೂರಿನ ಪೀಣ್ಯದ ಬಾಡಿಗೆ ಕೋಣೆಯಲ್ಲಿದ್ದಾನೆ. ಸ್ಕ್ವಾಡ್‌ಗೆ ನಾಲ್ವರು ಬೇಕು. ಪರದೆಯ ಮೇಲೆ ನಾಲ್ಕನೆಯ ಜಾಗ ಖಾಲಿ. ಗುರುತಿಲ್ಲದವರಿಂದ ಒಂದೊಂದಾಗಿ ಕೋರಿಕೆಗಳು ಬರುತ್ತವೆ. ಹೆಸರು ಒತ್ತಿ ಪ್ರೊಫೈಲ್ ತೆರೆಯುತ್ತಾರೆ. "ಕೆಡಿ ಎಷ್ಟೈತಿ ನೋಡಲೇ." "ಇನ್ನೂ ಗೋಲ್ಡ್‌ನಾಗ ಅದಾನ, ಬ್ಯಾಡ ಬಿಡು." "ಇವನ ಡ್ರೆಸ್ ನೋಡು, ಹಳೇ ಪ್ಲೇಯರ್ ಇದ್ದಂಗದಾನ, ತಗೋ."

ಇಷ್ಟಕ್ಕೆ ಹಿಡಿಯುವುದು ಕೆಲವೇ ಕ್ಷಣ. ಆದರೆ ಹೀಗೆ ಒಳಗೆ ಬಂದವನ ದನಿ ಮುಂದಿನ ಅರ್ಧ ಗಂಟೆ ಈ ಮೂವರ ಕಿವಿಯೊಳಗೆ ಇರುತ್ತದೆ. ಆಟ ಕೂಡಿಬಂದರೆ ಅವನು ನಾಳೆಯ ಗೆಳೆಯ, ಕೆಟ್ಟರೆ ಬೈಗುಳ ತಿನ್ನುವವನು ಅಥವಾ ಬೈಯುವವನು. ಹರಪನಹಳ್ಳಿ, ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಸೀಮೆಯ ಎಷ್ಟೋ ಹದಿಹರೆಯದವರಿಗೆ ತಮ್ಮ ಜಿಲ್ಲೆಯ ಆಚೆಯ ಜನರ ಮೊದಲ ಪರಿಚಯ ಆಗುವುದೇ ಈಗ ಆಟದ ಲಾಬಿಯಲ್ಲಿ, ಅಂದರೆ ಪಂದ್ಯಕ್ಕೆ ಮುಂಚೆ ತಂಡ ಕೂಡುವ ಪರದೆಯಲ್ಲಿ. ಯಾರನ್ನು ಸೇರಿಸಿಕೊಳ್ಳಬೇಕು, ಯಾರನ್ನು ಹೊರಗಿಡಬೇಕು ಎಂಬುದನ್ನು ಅವರು ಅಲ್ಲಿ ದಿನವೂ ಅಭ್ಯಾಸ ಮಾಡುತ್ತಿದ್ದಾರೆ. ಆ ಅಭ್ಯಾಸಕ್ಕೆ ಪಠ್ಯವಾಗಿರುವ ಪ್ರೊಫೈಲನ್ನು ದೊಡ್ಡವರೂ ಒಮ್ಮೆ ಓದಿ ನೋಡಬೇಕು.

ಒಂದು ಪುಟದೊಳಗೆ ಒಬ್ಬ ಆಟಗಾರ

ನಮ್ಮ ಕಡೆ ಹೆಚ್ಚು ಆಡುವುದು ಬಿಜಿಎಂಐ (ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ) ಮತ್ತು ಫ್ರೀ ಫೈರ್ ಮ್ಯಾಕ್ಸ್. ಮೊದಲನೆಯದರಲ್ಲಿ ಒಂದು ಆಟಕ್ಕೆ 100 ಜನ, ಎರಡನೆಯದರಲ್ಲಿ ಸಾಮಾನ್ಯವಾಗಿ 50 ಜನ. ಎರಡರಲ್ಲೂ ಕೊನೆಯವರೆಗೆ ಉಳಿದ ತಂಡವೇ ಗೆದ್ದ ತಂಡ. ಕಡಿಮೆ ಬೆಲೆಯ ಫೋನಿನಲ್ಲೂ ಓಡಿದ್ದರಿಂದ ಫ್ರೀ ಫೈರ್ ಸಣ್ಣ ಊರುಗಳಿಗೆ ಬೇಗ ತಲುಪಿತು.

ಎರಡರಲ್ಲೂ ಪ್ರೊಫೈಲ್ ಪುಟದ ರಚನೆ ಹತ್ತಿರ ಹತ್ತಿರ ಒಂದೇ. ಮೇಲೆ ಆಟಗಾರ ತಾನೇ ಇಟ್ಟುಕೊಂಡ ಹೆಸರು, ಚಿತ್ರ, ಅದರ ಸುತ್ತ ಚೌಕಟ್ಟು. ಪಕ್ಕದಲ್ಲಿ ರ್‍ಯಾಂಕ್. ಬಿಜಿಎಂಐಯಲ್ಲಿ ಬ್ರಾಂಝ್‌ನಿಂದ ಶುರುವಾಗಿ ಸಿಲ್ವರ್, ಗೋಲ್ಡ್, ಪ್ಲಾಟಿನಮ್, ಡೈಮಂಡ್, ಕ್ರೌನ್, ಏಸ್ ಎಂದು ಮೆಟ್ಟಿಲುಗಳಿವೆ. ತುದಿಯಲ್ಲಿರುವ ಕಾಂಕರರ್ ಪಟ್ಟ ಮೊದಲ 500 ಜನರಿಗೆ ಮಾತ್ರ. ಫ್ರೀ ಫೈರ್‌ನಲ್ಲಿ ಡೈಮಂಡ್ ದಾಟಿದರೆ ಹೀರೋಯಿಕ್, ಮಾಸ್ಟರ್, ಗ್ರ್ಯಾಂಡ್‌ಮಾಸ್ಟರ್. ಇದರ ಕೆಳಗೆ ಆಡಿದ ಪಂದ್ಯಗಳ ಸಂಖ್ಯೆ, ಗೆಲುವಿನ ಪ್ರಮಾಣ, ತಲೆಗೆ ಗುರಿಯಿಟ್ಟ ಹೊಡೆತಗಳ ಪ್ರಮಾಣ ಮತ್ತು ಎಲ್ಲರೂ ಮೊದಲು ಹುಡುಕುವ ಆ ಕೆಡಿ. ಎಷ್ಟು ಎದುರಾಳಿಗಳನ್ನು ಕೆಡವಿದ, ಅಷ್ಟರಲ್ಲಿ ತಾನು ಎಷ್ಟು ಸಲ ಬಿದ್ದ ಎಂಬುದರ ಭಾಗಾಕಾರವೇ ಕೆಡಿ. ಕೊನೆಗೆ ಉಡುಪು, ಬಂದೂಕಿನ ಬಣ್ಣ, ಬಿರುದು, ಸೇರಿದ ಗುಂಪಿನ (ಗಿಲ್ಡ್ ಅಥವಾ ಕ್ಲಾನ್) ಹೆಸರು, ಬೇರೆಯವರು ಕೊಟ್ಟ ಲೈಕ್.

ಹುಡುಗರಿಗೆ ಈ ಪುಟ ಎಷ್ಟು ಮುಖ್ಯ ಎಂಬುದು ನಿಷೇಧದ ಕಾಲದಲ್ಲಿ ತಿಳಿಯಿತು. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ 118 ಆ್ಯಪ್‌ಗಳನ್ನು ನಿಷೇಧಿಸಿದಾಗ ಪಬ್‌ಜಿ ಮೊಬೈಲ್ ಕೂಡ ಆ ಪಟ್ಟಿಯಲ್ಲಿತ್ತು. ಆಟ ಹೋದದ್ದಕ್ಕಿಂತ ತಮ್ಮ ಐಡಿ ಹೋಯಿತಲ್ಲ ಎಂಬ ಸಂಕಟ ಅನೇಕರದ್ದು. 2021ರ ಜುಲೈನಲ್ಲಿ ಕೊರಿಯಾದ ಕ್ರಾಫ್ಟನ್ ಕಂಪನಿ ಬಿಜಿಎಂಐ ಹೆಸರಿನಲ್ಲಿ ಆಟವನ್ನು ಮರಳಿ ತಂದಾಗ ಹಳೆಯ ಖಾತೆಯ ಉಡುಪು, ದಾಖಲೆಗಳನ್ನು ಹೊಸದಕ್ಕೆ ಸಾಗಿಸಲು ಆ ವರ್ಷದ ಕೊನೆಯವರೆಗೆ ಅವಕಾಶವನ್ನೂ ಕೊಡಬೇಕಾಯಿತು. 2022ರ ಫೆಬ್ರುವರಿ 14ರಂದು ಫ್ರೀ ಫೈರ್ ನಿಷೇಧವಾದಾಗಲೂ ಹೀಗೇ ಆಯಿತು. ಅದೇ ಐಡಿ ಫ್ರೀ ಫೈರ್ ಮ್ಯಾಕ್ಸ್‌ನಲ್ಲಿ ನಡೆಯುತ್ತಿದ್ದ ಕಾರಣ ಆಟಗಾರರು ರಾತ್ರೋರಾತ್ರಿ ಅಲ್ಲಿಗೆ ಹೋದರು. ಆಟ ಬದಲಾದರೂ ಗುರುತು ಉಳಿಯಬೇಕು. ತಿಂಗಳುಗಟ್ಟಲೆ ಕೂತು ಕಟ್ಟಿದ ಆ ಗುರುತಿಲ್ಲದಿದ್ದರೆ ಒಳ್ಳೆಯ ತಂಡ ತಮ್ಮನ್ನು ಸೇರಿಸಿಕೊಳ್ಳುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು.

ಕೆಡಿ ಹೇಳದ ಮಾತು

ಹುಡುಗರು ಅಂಕಿ ನೋಡಿ ಆರಿಸುವುದಕ್ಕೆ ಕಾರಣವಿದೆ. ಗುರುತಿಲ್ಲದವನ ಬಗ್ಗೆ ವಿಚಾರಿಸಲು ಸಮಯವಿಲ್ಲ, ಅವನ ಊರು ಮನೆ ತಿಳಿಯದು. ಅಂಕಿಯಾದರೂ ಅವನು ಆಡಿದ ಆಟದಿಂದಲೇ ಹುಟ್ಟಿದ್ದು. ಇಲ್ಲಿಯವರೆಗೆ ಅವರ ತರ್ಕ ಸರಿ. ಆ ಅಂಕಿ ಯಾವ ಪ್ರಶ್ನೆಗೆ ಉತ್ತರ ಎಂಬುದನ್ನು ಮರೆತಾಗ ಮಾತ್ರ ತೊಂದರೆ ಶುರು.

ಇಬ್ಬರು ಆಟಗಾರರ ಲೆಕ್ಕ ಹಾಕೋಣ. ಇಬ್ಬರೂ 100 ಸಲ ಬಿದ್ದಿದ್ದಾರೆ. ಮೊದಲನೆಯವನು ಅಷ್ಟರಲ್ಲಿ 300 ಜನರನ್ನು ಕೆಡವಿದ್ದಾನೆ, ಕೆಡಿ 3. ಎರಡನೆಯವನು 150 ಜನರನ್ನು, ಕೆಡಿ ಒಂದೂವರೆ. ಮೊದಲನೆಯವನೇ ಎರಡು ಪಟ್ಟು ಗಟ್ಟಿಗ ಎಂದು ಪುಟ ಹೇಳುತ್ತದೆ. ಆದರೆ ಕೆಳಗಿನ ಮೆಟ್ಟಿಲುಗಳಲ್ಲಿ ಮನುಷ್ಯರ ಜೊತೆಗೆ ಕಂಪ್ಯೂಟರೇ ನಡೆಸುವ ಬಾಟ್‌ಗಳೂ ಇರುತ್ತವೆ, ಅವುಗಳನ್ನು ಕೆಡವುವುದು ಸುಲಭ. ಮೊದಲನೆಯವನ 300ರಲ್ಲಿ ಬಾಟ್‌ಗಳು ಎಷ್ಟು ಎಂದು ಪುಟ ಬಿಡಿಸಿ ಹೇಳುವುದಿಲ್ಲ. ಎರಡನೆಯವನು ಬಿದ್ದ ಗೆಳೆಯನ ಬಳಿ ಓಡಿ ರಿವೈವ್ ಕೊಡುವ, ಅಂದರೆ ಅವನನ್ನು ಮತ್ತೆ ಎಬ್ಬಿಸುವವನಾಗಿರಬಹುದು. ತನ್ನ ಔಷಧಿಯನ್ನು ಇನ್ನೊಬ್ಬನಿಗೆ ಬಿಟ್ಟುಕೊಟ್ಟಿರಬಹುದು, ಗಾಡಿ ಓಡಿಸಿ ಇಡೀ ತಂಡವನ್ನು ಸುರಕ್ಷಿತ ವಲಯಕ್ಕೆ ಮುಟ್ಟಿಸಿರಬಹುದು. ಹೀಗೆ ಓಡಿಹೋಗಿ ರಿವೈವ್ ಕೊಡುವವನೇ ಹೆಚ್ಚು ಸಲ ಗುಂಡು ತಿನ್ನುತ್ತಾನೆ. ಅಂದರೆ ಅವನ ಒಳ್ಳೆಯತನವೇ ಅವನ ಕೆಡಿಯನ್ನು ಇಳಿಸುತ್ತದೆ. ಗೆಳೆಯ ಬಿದ್ದಾಗ ಗೋಡೆಯ ಮರೆಯಲ್ಲಿ ಕೂತವನ ಕೆಡಿ ಇಳಿಯುವುದಿಲ್ಲ.

ನಾಲ್ವರೂ ಮುನ್ನುಗ್ಗಿ ಹೊಡೆಯುವವರೇ ಆದ ತಂಡ ಬೇಗ ಚದುರುತ್ತದೆ. ಸ್ಪರ್ಧಾತ್ಮಕ ಇ-ಸ್ಪೋರ್ಟ್ಸ್ ತಂಡಗಳಲ್ಲಿ ಇದಕ್ಕಾಗಿಯೇ ಪಾತ್ರಗಳು ಬೇರೆ ಬೇರೆ: ಒಬ್ಬ ದಾಳಿಗೆ, ಒಬ್ಬ ದೂರದ ಗುರಿಗೆ, ಒಬ್ಬ ಬೆಂಬಲಕ್ಕೆ, ಒಬ್ಬ ನಕ್ಷೆ ನೋಡಿ ಎಲ್ಲಿಗೆ ಹೋಗಬೇಕೆಂದು ಹೇಳುವುದಕ್ಕೆ. ಕೆಡಿಯೊಂದನ್ನೇ ನೋಡಿ ಆರಿಸುವ ಮೂವರು ತಮ್ಮಂಥವನೇ ನಾಲ್ಕನೆಯವನನ್ನು ತರುತ್ತಾರೆ. ತಂಡಕ್ಕೆ ಯಾವ ಗುಣ ಇಲ್ಲವೋ ಅದನ್ನು ಹುಡುಕುವುದೇ ಇಲ್ಲ.

ಆಟಗಾರನನ್ನು ಅಂಕಿಯಲ್ಲಿ ಹಿಡಿಯುವ ಪ್ರಯತ್ನ ಚದುರಂಗದಲ್ಲೂ ನಡೆದಿದೆ. ಹಂಗೇರಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ಭೌತಶಾಸ್ತ್ರ ಕಲಿಸಿದ ಅರ್ಪಾದ್ ಎಲೊ ರೂಪಿಸಿದ ರೇಟಿಂಗ್ ಪದ್ಧತಿಯನ್ನು ವಿಶ್ವ ಚೆಸ್ ಸಂಸ್ಥೆ ಫಿಡೆ 1970ರಲ್ಲಿ ಒಪ್ಪಿಕೊಂಡಿತು. ಚೆಸ್‌ನಲ್ಲಿ ಎದುರುಬದುರು ಕೂರುವುದು ಇಬ್ಬರೇ, ಗೆಲುವಿನ ಪಾಲುದಾರ ಯಾರೆಂಬ ಪ್ರಶ್ನೆ ಏಳುವುದಿಲ್ಲ. ತಂಡದ ಆಟಕ್ಕೆ ಇದು ಸಾಲದು ಎಂದು ಮೈಕ್ರೋಸಾಫ್ಟ್ ಸಂಶೋಧಕರು ಎಕ್ಸ್‌ಬಾಕ್ಸ್ ಆಟಗಾರರಿಗಾಗಿ ಟ್ರೂಸ್ಕಿಲ್ ಎಂಬ ಪದ್ಧತಿ ಕಟ್ಟಿದರು. ಅದು ಪ್ರತಿಯೊಬ್ಬನ ಬಗ್ಗೆ ಎರಡು ಅಂಕಿ ಇಟ್ಟುಕೊಳ್ಳುತ್ತದೆ: ಸಾಮರ್ಥ್ಯದ ಅಂದಾಜು ಒಂದು, ಆ ಅಂದಾಜಿನಲ್ಲಿ ಅನುಮಾನ ಎಷ್ಟು ಎಂಬುದು ಇನ್ನೊಂದು. ಹೊಸಬನಿಗೆ ಈ ಅನುಮಾನದ ಅಂಕಿ ದೊಡ್ಡದಾಗಿರುತ್ತದೆ, ಆಡುತ್ತ ಹೋದಂತೆ ಸಣ್ಣದಾಗುತ್ತದೆ. ಹೊಸಬನ ಬಗ್ಗೆ ನನಗಿನ್ನೂ ಸರಿಯಾಗಿ ತಿಳಿದಿಲ್ಲ ಎಂದು ಯಂತ್ರವೇ ಒಪ್ಪಿಕೊಂಡು ನಡೆಯುತ್ತದೆ. ಪ್ರೊಫೈಲ್ ನೋಡುವ ನಮ್ಮ ಹುಡುಗರಿಗೆ ಆ ಎರಡನೆಯ ಅಂಕಿ ಕಾಣುವುದಿಲ್ಲ. ಹೊಸಬ ಅಂದರೆ ಸೀದಾ "ನೂಬ್".

ಯಾವ ಗುರುತನ್ನು ನಂಬಬೇಕು

ಆನ್‌ಲೈನ್‌ನಲ್ಲಿ ಒಬ್ಬರ ಬಗ್ಗೆ ಸಿಗುವ ಮಾಹಿತಿಯಲ್ಲಿ ಜನ ಯಾವುದನ್ನು ನಂಬುತ್ತಾರೆ ಎಂಬ ಬಗ್ಗೆ ಅಮೆರಿಕದ ಸಂವಹನ ತಜ್ಞರಾದ ಜೋಸೆಫ್ ವಾಲ್ಥರ್ ಮತ್ತು ಮಾಲ್ಕಮ್ ಪಾರ್ಕ್ಸ್ 2002ರಲ್ಲಿ ಒಂದು ವಾದ ಮಂಡಿಸಿದರು. ಯಾವ ಮಾಹಿತಿಯನ್ನು ಆ ವ್ಯಕ್ತಿ ತಾನೇ ತಿದ್ದಲು ಸಾಧ್ಯವಿಲ್ಲವೋ ಅದಕ್ಕೆ ತೂಕ ಹೆಚ್ಚು. 2009ರಲ್ಲಿ ವಾಲ್ಥರ್ ಮತ್ತು ಸಂಗಡಿಗರು ಫೇಸ್‌ಬುಕ್ ಪುಟಗಳನ್ನಿಟ್ಟು ಇದನ್ನು ಪರೀಕ್ಷಿಸಿದರು. ಒಬ್ಬರ ರೂಪದ ಬಗ್ಗೆ ಅವರೇ ಬರೆದುಕೊಂಡ ಮಾತಿಗಿಂತ ಅವರ ಗೆಳೆಯರು ಬರೆದ ಮಾತನ್ನೇ ನೋಡುಗರು ಹೆಚ್ಚು ನಂಬಿದರು.

ಇದೇ ಅಳತೆಗೋಲನ್ನು ಆಟದ ಪ್ರೊಫೈಲ್‌ಗೆ ಹಿಡಿಯಬಹುದು. ಹೆಸರು, ಚಿತ್ರ, ಪರಿಚಯದ ಸಾಲು ಆಟಗಾರನ ಕೈಯಲ್ಲೇ ಇವೆ, ಅವುಗಳ ತೂಕ ಕಡಿಮೆ. ಉಡುಪು ಕಣ್ಣಿಗೆ ಹೊಡೆಯುತ್ತದೆ, ಆದರೆ ಬಹುಪಾಲು ದುಡ್ಡು ಕೊಟ್ಟು ಕೊಂಡದ್ದು. ರ್‍ಯಾಂಕ್, ಕೆಡಿ ಆಟದೊಳಗಿಂದ ಬಂದವು, ತಿದ್ದಲು ಬರುವುದಿಲ್ಲ. ಆದ್ದರಿಂದ ಅವೇ ಗಟ್ಟಿ ಎಂದು ತೋರುತ್ತದೆ.

ಅಲ್ಲೇ ಒಂದು ಬಿರುಕಿದೆ. ಖಾತೆಯನ್ನೇ ಕೊಂಡರೆ? ಮೇಲಿನ ರ್‍ಯಾಂಕಿನ ಐಡಿಗಳನ್ನು ಟೆಲಿಗ್ರಾಮ್, ಇನ್‌ಸ್ಟಾಗ್ರಾಮ್‌ಗಳಲ್ಲಿ ಮಾರುವ, ಕೊಳ್ಳುವ ವ್ಯವಹಾರ ಆಟಗಾರರಿಗೆಲ್ಲ ಗೊತ್ತು. ಕಂಪನಿಗಳ ನಿಯಮ ಇದನ್ನು ಒಪ್ಪುವುದಿಲ್ಲ. ದುಡ್ಡು ಕಟ್ಟಿಸಿಕೊಂಡು ಪಾಸ್‌ವರ್ಡ್ ಕೊಡದೆ ಹೋಗುವವರು, ಮಾರಿದ ಮೇಲೆ ಖಾತೆಯನ್ನು ಮತ್ತೆ ಕಿತ್ತುಕೊಳ್ಳುವವರು ಇಲ್ಲಿ ಸಿಗುತ್ತಾರೆ. ದುಡ್ಡಿಗೆ ಇನ್ನೊಬ್ಬರ ಐಡಿಯಲ್ಲಿ ಆಡಿ ರ್‍ಯಾಂಕ್ ಏರಿಸಿಕೊಡುವವರೂ ಇದ್ದಾರೆ. ಮನೆಯವರ ಯುಪಿಐಯಿಂದ ಹಣ ತೆಗೆದು ಐಡಿ ಕೊಳ್ಳಲು ಹೋಗುವ ಹುಡುಗನಿಗೆ ಬೇಕಾಗಿರುವುದು ಆಟವಲ್ಲ. ಒಳ್ಳೆಯ ತಂಡದವರು ತನ್ನನ್ನು ಕರೆಯಬೇಕು, ಅಷ್ಟೇ. ಪ್ರೊಫೈಲ್ ನೋಡಿ ಆರಿಸುವ ಪದ್ಧತಿಯೇ ಈ ಸಂತೆಯನ್ನು ಸಾಕುತ್ತಿದೆ.

ಫ್ರೀ ಫೈರ್‌ನಲ್ಲಿ ಮೊದಲ ಸೀಸನ್ನಿನ ಸಕುರಾ ಉಡುಪಿಗೆ ಇರುವ ಮರ್ಯಾದೆ ನೋಡಿ. ಅದನ್ನು ತೊಟ್ಟವನು ಆಟ ಶುರುವಾದ ಕಾಲದವನು ಎಂದು ಅರ್ಥ, ಲಾಬಿಯಲ್ಲಿ ಎಲ್ಲರೂ ಜಾಗ ಕೊಡುತ್ತಾರೆ. ಆಡಂ ಎಂಬ ಉಚಿತ ಪಾತ್ರದ ಸಾದಾ ಅಂಗಿಯಲ್ಲಿ ಬಂದವನನ್ನು ಬಂದ ತಕ್ಷಣ ಹೊರಹಾಕುತ್ತಾರೆ. ನುರಿತ ಆಟಗಾರರು ಬೇಕೆಂದೇ ಆ ಸಾದಾ ಅಂಗಿ ತೊಟ್ಟು ಗುರುತಿಲ್ಲದ ತಂಡಕ್ಕೆ ಸೇರಿ, ಮೂದಲಿಕೆ ಕೇಳಿಸಿಕೊಂಡು, ಕೊನೆಗೆ ಇಡೀ ಪಂದ್ಯ ಗೆದ್ದುಕೊಡುವ ವಿಡಿಯೊಗಳು ಯೂಟ್ಯೂಬ್‌ನಲ್ಲಿ ರಾಶಿ ಇವೆ. ಅವುಗಳನ್ನು ನೋಡಿ ಮಕ್ಕಳು ಖುಷಿಪಡುತ್ತಾರೆ. ಆದರೆ ಆ ಕಥೆಯಲ್ಲೂ ಒಂದು ಕ್ರೌರ್ಯ ಉಳಿದಿದೆ: ಸಾದಾ ಅಂಗಿಯವನಿಗೆ ಮರ್ಯಾದೆ ಸಿಗುವುದು ಅವನು ಗುಟ್ಟಿನಲ್ಲಿ ಗಟ್ಟಿಗನಾಗಿದ್ದರೆ ಮಾತ್ರ. ನಿಜವಾಗಿಯೂ ಈಗಷ್ಟೇ ಕಲಿಯುತ್ತಿರುವವನಿಗೆ ಆ ವಿಡಿಯೊಗಳಲ್ಲೂ ಜಾಗವಿಲ್ಲ.

ಇದು ನಮ್ಮ ಹುಡುಗರ ಕಥೆ ಮಾತ್ರವಲ್ಲ. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಆಟದಲ್ಲಿ ಒಬ್ಬ ಆಟಗಾರ ತೊಟ್ಟ ಆಯುಧ, ಕವಚಗಳನ್ನೆಲ್ಲ ಕೂಡಿ ಒಂದೇ ಅಂಕಿ ಮಾಡಿ ತೋರಿಸುವ ಗೇರ್‌ಸ್ಕೋರ್ ಎಂಬ ಉಪಕರಣ ಹದಿನೈದು ವರ್ಷಗಳಿಗೂ ಹಿಂದೆಯೇ ಹಬ್ಬಿತ್ತು. ಅಂಕಿ ಕಡಿಮೆ ಇದ್ದವರನ್ನು ದೊಡ್ಡ ಕಾಳಗಕ್ಕೆ ಕರೆಯುತ್ತಿರಲಿಲ್ಲ. ಕಾಳಗಕ್ಕೆ ಹೋಗದೆ ಒಳ್ಳೆಯ ಕವಚ ಸಿಗುತ್ತಿರಲಿಲ್ಲ.

ಹೆಸರು, ದನಿ, ಊರು

ಆಟದ ಅಂಕಿಗಳಾಚೆಗೂ ಪ್ರೊಫೈಲ್ ಅನೇಕ ಸುಳಿವು ಬಿಟ್ಟುಕೊಡುತ್ತದೆ. ಸಿನಿಮಾ ನಟನ ಹೆಸರು, ಸಮುದಾಯದ ಹೆಸರು, ಊರಿನ ಹೆಸರು, ಗಾಡಿಯ ನಂಬರಿನಲ್ಲಿರುವ ವಿಜಯನಗರ ಜಿಲ್ಲೆಯ ಕೆಎ-35 ಅಥವಾ ದಾವಣಗೆರೆಯ ಕೆಎ-17. ಹರಪನಹಳ್ಳಿಯ ಮಟ್ಟಿಗೆ ಈ ಎರಡೂ ನಂಬರು ಒಂದೇ ಬೀದಿಯಲ್ಲಿ ಇರಬಹುದು. ಬಳ್ಳಾರಿ ಜಿಲ್ಲೆಯಲ್ಲಿದ್ದ ತಾಲ್ಲೂಕು 1997ರಲ್ಲಿ ದಾವಣಗೆರೆಗೆ ಸೇರಿತು, 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಿಂದ ವಿಜಯನಗರ ಜಿಲ್ಲೆಯಲ್ಲಿದೆ. ತನ್ನ ಕಡೆಯ ಗುರುತು ಕಂಡರೆ "ನಮ್ಮವನು" ಎಂದು ಒಳಗೆ ಕರೆಯುವುದು ಸಹಜ, ಅದರಲ್ಲಿ ಪ್ರೀತಿಯೂ ಇದೆ. ದೇಶದ ನಾನಾ ಕಡೆಯವರು ಸೇರುವ ತಂಡದಲ್ಲಿ ಮಾತು ಬಹುಪಾಲು ಹಿಂದಿಯಲ್ಲೇ ನಡೆಯುವುದರಿಂದ, ಕನ್ನಡ ಬಲ್ಲವನೊಬ್ಬ ಸಿಕ್ಕರೆ ಹಡಗಲಿಯ ಹುಡುಗನಿಗೆ ಬಾಯಿ ಬಂದಂತಾಗುತ್ತದೆ. ಎಡಗಡೆ ಮನೆಯೊಳಗೆ ಇಬ್ಬರಿದ್ದಾರೆ ಎಂದು ಅರೆಕ್ಷಣದಲ್ಲಿ ಹೇಳಬೇಕಾದ ಆಟದಲ್ಲಿ ಭಾಷೆ ನೋಡಿ ಆರಿಸುವುದು ತಪ್ಪಲ್ಲ. ಹೆಸರಿನಲ್ಲಿ ಜಾತಿ, ಧರ್ಮ ಹುಡುಕಿ ಆರಿಸಿದರೆ ಅದು ಬೇರೆ. ಗುಂಡು ಹಾರುವ ಆ ನೆಲದ ಮೇಲೆ ಬಿದ್ದ ಗೆಳೆಯನಿಗೆ ರಿವೈವ್ ಕೊಡುವ ಕೈಗೆ ಜಾತಿಯ ಕೆಲಸ ಏನೂ ಇಲ್ಲ.

ಹೆಣ್ಣುಮಕ್ಕಳ ಪಾಡು ಇನ್ನೂ ಕಷ್ಟ. ಅಮೆರಿಕದ ಸಂಶೋಧಕರಾದ ಜೆಫ್ರಿ ಕುಜ್ನೆಕಾಫ್ ಮತ್ತು ಲಿಂಡ್ಸಿ ರೋಸ್ ಹ್ಯಾಲೊ 3 ಆಟದಲ್ಲಿ ಮೊದಲೇ ಧ್ವನಿಮುದ್ರಿಸಿದ ಒಂದೇ ಮಾತುಗಳನ್ನು ಒಮ್ಮೆ ಗಂಡು ದನಿಯಲ್ಲಿ, ಒಮ್ಮೆ ಹೆಣ್ಣು ದನಿಯಲ್ಲಿ ಕೇಳಿಸಿ, ಒಮ್ಮೆ ಮಾತಿಲ್ಲದೆಯೂ ಆಡಿ ನೋಡಿದರು. ಹೆಣ್ಣು ದನಿಗೆ ಬಂದ ಕೆಟ್ಟ ಮಾತುಗಳು ಮಿಕ್ಕ ಎರಡಕ್ಕೆ ಬಂದದ್ದರ ಮೂರು ಪಟ್ಟು. ಇದರಿಂದಾಗಿಯೇ ಎಷ್ಟೋ ಹುಡುಗಿಯರು ಗಂಡು ಹೆಸರಿಟ್ಟುಕೊಂಡು, ಮೈಕ್ ಮುಚ್ಚಿ ಆಡುತ್ತಾರೆ. ಮೈಕ್ ಮುಚ್ಚಿದವರನ್ನು ತಂಡಗಳು ಬೇಡವೆನ್ನುತ್ತವೆ. ಮಾತಾಡಿದರೆ ಬೈಗುಳ, ಮಾತಾಡದಿದ್ದರೆ ಜಾಗವಿಲ್ಲ. ಇನ್ನೊಂದು ಕಡೆ, ಗಂಡಸರು ಹೆಣ್ಣು ಪಾತ್ರದ ವೇಷದಲ್ಲಿ ಸಹಾಯ ಕೇಳಿದರೆ ಗಂಡು ಪಾತ್ರದಲ್ಲಿ ಕೇಳಿದ್ದಕ್ಕಿಂತ ಹೆಚ್ಚು ಸಹಾಯ ಸಿಗುತ್ತದೆ ಎಂದು ಜಪಾನಿನ ಆಟಗಾರರ ಮೇಲೆ ನಡೆದ 2012ರ ಅಧ್ಯಯನವೊಂದು ತೋರಿಸಿತು. ಉಡುಗೊರೆ ಗಿಟ್ಟಿಸಲು ಹುಡುಗಿಯ ಹೆಸರಿಟ್ಟುಕೊಳ್ಳುವವರು ನಮ್ಮಲ್ಲೂ ಇದ್ದಾರೆ.

ಪ್ರೊಫೈಲ್ ನೋಡುವವನನ್ನು ಮಾತ್ರವಲ್ಲ, ಹೊತ್ತವನನ್ನೂ ಬದಲಿಸುತ್ತದೆ. ಸ್ಟ್ಯಾನ್‌ಫರ್ಡ್‌ನ ನಿಕ್ ಯೀ ಮತ್ತು ಜೆರೆಮಿ ಬೈಲೆನ್ಸನ್ 2007ರಲ್ಲಿ ತೋರಿಸಿದಂತೆ, ಕಂಪ್ಯೂಟರ್ ಸೃಷ್ಟಿಸಿದ ಜಗತ್ತಿನಲ್ಲಿ ಎತ್ತರದ ರೂಪ ಸಿಕ್ಕವರು ಹಣ ಹಂಚಿಕೊಳ್ಳುವ ಮಾತುಕತೆಯಲ್ಲಿ ಹೆಚ್ಚು ಬಿಗಿಯಾಗಿ ಪಟ್ಟು ಹಿಡಿದರು. ಕುಳ್ಳ ರೂಪ ಸಿಕ್ಕವರು ತಮಗೆ ನಷ್ಟವಾದರೂ ಬೇಗ ಒಪ್ಪಿಕೊಂಡರು. ರೂಪ ಕೊಟ್ಟದ್ದು ಸಂಶೋಧಕರು, ಅದೂ ಕೆಲವೇ ನಿಮಿಷಗಳಿಗೆ. ವರ್ಷಗಟ್ಟಲೆ ಕೆಳಗಿನ ರ್‍ಯಾಂಕಿನ ಗುರುತು ಹೊತ್ತು ಓಡಾಡುವ ಮಗುವಿನ ಮನಸ್ಸು ಏನಾಗಬೇಕು?

ಮೈದಾನದಲ್ಲಿ ತಂಡ ಹಂಚಿದ ಬಗೆ

ಈ ಮೊಬೈಲ್‌ಗಳಿಗೆ ಮುಂಚೆ ನಮ್ಮೂರುಗಳ ಬಯಲಿನಲ್ಲಿ ಕಬಡ್ಡಿ, ಚಿನ್ನಿದಾಂಡು, ಲಗೋರಿಗೆ ತಂಡ ಕಟ್ಟುತ್ತಿದ್ದ ರೀತಿಯನ್ನು ಈಗ ನೆನೆಯಬೇಕು. ಅದರಲ್ಲಿ ದೊಡ್ಡ ವಿವೇಕವಿತ್ತು. ಇಬ್ಬರು ನಾಯಕರು ನಿಲ್ಲುತ್ತಿದ್ದರು. ಮಿಕ್ಕವರು ತಮ್ಮ ಸರಿಜೋಡಿ ನೋಡಿ ಇಬ್ಬಿಬ್ಬರಾಗುತ್ತಿದ್ದರು: ಬಲಶಾಲಿಗೆ ಬಲಶಾಲಿ, ಓಟಗಾರನಿಗೆ ಓಟಗಾರ, ಪುಟ್ಟವನಿಗೆ ಪುಟ್ಟವನು. ಹೆಗಲ ಮೇಲೆ ಕೈಹಾಕಿಕೊಂಡು ದೂರ ಹೋಗಿ, ಕಿವಿಯಲ್ಲಿ ಪಿಸುಗುಟ್ಟಿ, ಒಬ್ಬೊಬ್ಬರು ಒಂದೊಂದು ಗುಟ್ಟಿನ ಹೆಸರಿಟ್ಟುಕೊಂಡು ಬರುತ್ತಿದ್ದರು. "ಹುಲಿ ಬೇಕಾ, ಸಿಂಹ ಬೇಕಾ?" ಮಲ್ಲಿಗೆಯ ಹಡಗಲಿಯಾದರೆ "ಮಲ್ಲಿಗೆ ಬೇಕಾ, ಕನಕಾಂಬರ ಬೇಕಾ?" ನಾಯಕ ಒಂದು ಹೆಸರು ಹೇಳುತ್ತಿದ್ದ. ಆ ಹೆಸರಿನವನು ಅವನ ಕಡೆ, ಇನ್ನೊಬ್ಬ ಎದುರು ಕಡೆ.

ಈ ಪುಟ್ಟ ಪದ್ಧತಿ ಎರಡು ಕೆಲಸವನ್ನು ಒಟ್ಟಿಗೆ ಮಾಡುತ್ತಿತ್ತು. ಸಮಬಲದವರು ಬೇರೆ ಬೇರೆ ಕಡೆ ಹೋಗುವುದರಿಂದ ಎರಡೂ ತಂಡ ಸರಿತೂಗುತ್ತಿದ್ದವು. ಇಂದಿನ ಆಟಗಳ ಮ್ಯಾಚ್‌ಮೇಕಿಂಗ್ ದೊಡ್ಡ ದೊಡ್ಡ ಸರ್ವರ್‌ಗಳನ್ನಿಟ್ಟು ಮಾಡಲು ಹೆಣಗುವುದು ಇದನ್ನೇ. ಗುಟ್ಟಿನ ಹೆಸರಿನದ್ದು ಎರಡನೆಯ ಕೆಲಸ. ನಾಯಕನ ಬಾಯಿಂದ ಬರುವುದು ಹುಲಿ, ಸಿಂಹ ಮಾತ್ರ. ಗೌಡರ ಮನೆಯ ಹುಡುಗ ಬೇಕು, ತಾಂಡಾದವನು ಬೇಡ ಎಂದು ಆರಿಸಲು ದಾರಿಯೇ ಇರಲಿಲ್ಲ. ಕೊನೆಯವರೆಗೂ ಯಾರಿಗೂ ಬೇಡವಾಗಿ ಒಂಟಿಯಾಗಿ ನಿಂತು ತಲೆತಗ್ಗಿಸುವ ಅವಮಾನವೂ ಯಾರಿಗೂ ಬರುತ್ತಿರಲಿಲ್ಲ. ಬೆಸ ಸಂಖ್ಯೆಯಾಗಿ ಒಬ್ಬ ಉಳಿದರೆ ಅವನು ಎರಡೂ ಕಡೆ ಆಡುತ್ತಿದ್ದ. ಮೈದಾನಕ್ಕೆ ಬಂದವರೆಲ್ಲರಿಗೂ ಆಟ ಸಿಗಬೇಕು ಎಂಬುದು ಆ ಪದ್ಧತಿಯ ತಳಹದಿ. ಊರಿನೊಳಗಿನ ಭೇದಗಳು ಮೈದಾನಕ್ಕೂ ಬರುತ್ತಿದ್ದವು ನಿಜ. ಕೆಲವರನ್ನು ಮೈದಾನಕ್ಕೇ ಬಿಡದ ಊರುಗಳೂ ಇದ್ದವು, ಹುಡುಗಿಯರಿಗೆ ಬಯಲು ಸಿಕ್ಕಿದ್ದೇ ಕಡಿಮೆ. ಆದರೂ ಒಳಗೆ ಬಂದ ಮಕ್ಕಳು ತಾವೇ ಕಟ್ಟಿಕೊಂಡ ಆ ನಿಯಮ, ಒಬ್ಬನ ಹಿಂದಿನ ಹೆಸರು ಅವನ ಇಂದಿನ ಆಟವನ್ನು ಕಿತ್ತುಕೊಳ್ಳದಂತೆ ನೋಡಿಕೊಳ್ಳುತ್ತಿತ್ತು. ಆಟದ ಲಾಬಿಯಲ್ಲಿ ಆ ಕಾವಲು ಇಲ್ಲ. ಅಲ್ಲಿ ಎಲ್ಲರ ಲೆಕ್ಕವೂ ತೆರೆದ ಪುಟ, ಬೇಡ ಎನ್ನಲು ಒಂದು ಬೆರಳು ಸಾಕು.

ಪ್ರೊಫೈಲ್ ನೋಡದ ತಂಡಗಳು

ಹಾಗೆಂದು ಮೊಬೈಲ್ ಆಟವನ್ನೇ ಹಳಿಯುವುದು ನ್ಯಾಯವಲ್ಲ. ಹರಪನಹಳ್ಳಿ, ಕೂಡ್ಲಿಗಿ ಭಾಗ ಮಳೆ ನಂಬಿದ ಸೀಮೆ. ಮಳೆ ಕೈಕೊಟ್ಟ ವರ್ಷ ಗುಳೆ ಹೋಗುವವರು ಇಲ್ಲಿ ಹೊಸಬರಲ್ಲ. ಮಲೆನಾಡಿನ ಕಾಫಿ ತೋಟಕ್ಕೆ, ಕರಾವಳಿಗೆ, ಬೆಂಗಳೂರಿಗೆ ಹೋದ ಗೆಳೆಯರು ರಾತ್ರಿ ಊಟವಾದ ಮೇಲೆ ಮತ್ತೆ ಒಟ್ಟಾಗುವ ಜಾಗ ಈಗ ಈ ಆಟ. ಅಂಥ ತಂಡದಲ್ಲಿ ಕೆಡಿ ಕೇಳುವವರಿಲ್ಲ. ಕೆಟ್ಟದಾಗಿ ಆಡುವವನನ್ನೂ ಕರೆಯುತ್ತಾರೆ, ಏಕೆಂದರೆ ಅವನು ಏಳನೇ ಇಯತ್ತೆಯಿಂದ ಪಕ್ಕದಲ್ಲಿ ಕೂತವನು. ಗುಂಡಿನ ಸದ್ದಿನ ನಡುವೆ "ಅವ್ವ ಹೆಂಗದಾಳಲೇ", "ಮೆಕ್ಕೆಜೋಳ ಮುರುದ್ರಾ" ಎಂಬ ಮಾತು ನಡೆಯುತ್ತದೆ.

ಇಂಥ ತಂಡಗಳು ತಾಳಿಕೊಳ್ಳುವುದಕ್ಕೆ ಕಾರಣ ಸರಳ. ಒಬ್ಬನ ನೆಟ್‌ವರ್ಕ್ ಕೈಕೊಟ್ಟರೆ ಮಿಕ್ಕವರಿಗೆ ಅವನ ಮನೆಯ ಟವರ್ ಸಮಸ್ಯೆ ಗೊತ್ತು, ಕರೆಂಟ್ ಹೋದರೆ ಗೊತ್ತು. ಗುರುತಿಲ್ಲದವರಾದರೆ ಅರ್ಧಕ್ಕೆ ಬಿಟ್ಟು ಓಡಿಹೋದ ಎಂದು ದೂರು ಹಾಕುತ್ತಾರೆ. ಪ್ರೊಫೈಲ್ ಫಲಿತಾಂಶವನ್ನು ತೋರಿಸುತ್ತದೆ, ಪರಿಸ್ಥಿತಿಯನ್ನು ತೋರಿಸುವುದಿಲ್ಲ. ಸಣ್ಣ ಊರಿನ, ಹಳೆಯ ಫೋನಿನ, ದುರ್ಬಲ ಸಿಗ್ನಲ್ಲಿನ ಹುಡುಗನ ಕೆಡಿ ಇಳಿದಿರುವುದು ಅವನ ಕೈಚಳಕ ಕಡಿಮೆ ಎಂದೇ ಅಲ್ಲ. ಕೆಳಗಿನ ಕೆಡಿಯ ಹಿಂದೆ ಅನೇಕ ಸಲ ಬಡತನವೂ ಇರುತ್ತದೆ.

ನಡತೆಗೊಂದು ಅಂಕಿ

ಕೆಡಿಯೊಂದೇ ಸಾಲದು ಎಂಬುದು ಆಟ ಮಾಡುವ ಕಂಪನಿಗಳಿಗೂ ತಿಳಿದಿದೆ. ಲೀಗ್ ಆಫ್ ಲೆಜೆಂಡ್ಸ್ ಆಟದಲ್ಲಿ 2012ರಲ್ಲೇ ಒಳ್ಳೆಯ ನಡತೆಯ ಜೊತೆಗಾರರಿಗೆ ಗೌರವ ಸೂಚಿಸುವ ವ್ಯವಸ್ಥೆ ಬಂತು. 2018ರಲ್ಲಿ ಓವರ್‌ವಾಚ್ ಆಟ, ಪಂದ್ಯ ಮುಗಿದ ಮೇಲೆ ಜೊತೆಗಾರರನ್ನು ಮೆಚ್ಚಿ ಗುರುತು ಕೊಡುವ ಅವಕಾಶ ಮಾಡಿತು. ಆ ಗುರುತು ಪ್ರೊಫೈಲ್‌ನಲ್ಲೇ ಕಾಣುತ್ತದೆ. ಬಿಜಿಎಂಐಯಲ್ಲಿ ಮೆರಿಟ್, ಫ್ರೀ ಫೈರ್‌ನಲ್ಲಿ ಆನರ್ ಸ್ಕೋರ್ ಎಂಬ ಅಂಕಗಳಿವೆ. ತನ್ನವರನ್ನೇ ಹೊಡೆದರೆ, ಪಂದ್ಯ ಬಿಟ್ಟು ಓಡಿದರೆ, ದೂರುಗಳು ಸಾಬೀತಾದರೆ ಅವು ಇಳಿಯುತ್ತವೆ. ತೀರ ಇಳಿದರೆ ಕೆಲವು ಬಗೆಯ ಪಂದ್ಯಗಳನ್ನು ಆಡುವುದಕ್ಕೇ ತಡೆ ಬೀಳುತ್ತದೆ.

ವಾಲ್ಥರ್ ಅವರ ಅಳತೆಯಲ್ಲಿ ಇದು ಇಡೀ ಪುಟದ ಅತ್ಯಂತ ಬೆಲೆಯುಳ್ಳ ಮಾಹಿತಿಗಳಲ್ಲಿ ಒಂದು. ಜೊತೆಗೆ ಆಡಿದವರ ಅನುಭವದಿಂದ, ಆಟದಲ್ಲಿ ನಡೆದುಕೊಂಡ ರೀತಿಯಿಂದ ಬರುವಂಥದ್ದು. ಆದರೂ ಹುಡುಗರ ಕಣ್ಣು ಅದನ್ನು ದಾಟಿ ಕೆಡಿಗೇ ಹೋಗುತ್ತದೆ. ಕೆಡಿ ಪುಟದಲ್ಲಿ ಎದ್ದು ಕಾಣುತ್ತದೆ, ಯೂಟ್ಯೂಬ್‌ನವರು ಹೊಗಳುವುದು ಕೆಡಿಯನ್ನೇ. ಮಾಡಿದ ರಿವೈವ್‌ಗಳನ್ನೂ ನಡತೆಯ ಅಂಕವನ್ನೂ ಕೆಡಿಯಷ್ಟೇ ಎದ್ದು ಕಾಣುವಂತೆ ತೋರಿಸಿದರೆ ಆಯ್ಕೆಯ ರೀತಿಯೇ ಬದಲಾದೀತು. ಪುಟವನ್ನು ವಿನ್ಯಾಸ ಮಾಡುವವರ ಹೊಣೆ ಇದು.

ಮನೆಯವರು ಕೇಳಬೇಕಾದ ಪ್ರಶ್ನೆ

ಕಾನೂನು ತನ್ನ ಕಡೆಯಿಂದ ಒಂದಷ್ಟು ಬೇಲಿ ಹಾಕಿದೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಕಟ್ಟಿ ಆಡುವ ಆಟಗಳನ್ನು ನಿಷೇಧಿಸಿ, ಇ-ಸ್ಪೋರ್ಟ್ಸ್‌ಗೆ ಬೇರೆಯದೇ ಮಾನ್ಯತೆ ಕೊಟ್ಟಿತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ವರ್ಷದೊಳಗಿನವರ ಮಾಹಿತಿ ಬಳಸಲು ಹೆತ್ತವರ ಒಪ್ಪಿಗೆ ಬೇಕು. ಬಿಜಿಎಂಐ ಅಪ್ರಾಪ್ತರಿಗೆ ದಿನಕ್ಕೆ 3 ಗಂಟೆಯ ಮಿತಿ ಇಟ್ಟಿದೆ. ಆದರೆ ಮನೆಯ ಫೋನಿನಲ್ಲಿ ದೊಡ್ಡವರ ಹೆಸರಿನಲ್ಲಿ ಖಾತೆ ತೆರೆದರೆ ಈ ಬೇಲಿಗಳೆಲ್ಲ ಹಿಂದೆ ಉಳಿಯುತ್ತವೆ.

ಆದ್ದರಿಂದ "ಎಷ್ಟು ಹೊತ್ತು ಆಡಿದೆ?" ಎಂಬ ಪ್ರಶ್ನೆಯ ಜೊತೆಗೆ "ಯಾರ ಜೊತೆ ಆಡಿದೆ? ಅವನನ್ನು ಯಾಕೆ ಆರಿಸಿದೆ?" ಎಂದು ಕೇಳುವುದನ್ನು ಅಪ್ಪ ಅವ್ವ, ಅಣ್ಣ ಅಕ್ಕ ರೂಢಿಸಿಕೊಳ್ಳಬೇಕು. ಬೈಯುವ ದನಿಯಲ್ಲಿ ಕೇಳಿದರೆ ಉತ್ತರ ಬರುವುದಿಲ್ಲ. ಪಕ್ಕದಲ್ಲಿ ಕೂತು ಒಂದು ಪಂದ್ಯ ನೋಡಿದರೆ ಅರ್ಧ ಉತ್ತರ ತಾನೇ ಸಿಗುತ್ತದೆ. ಪ್ರೊಫೈಲ್‌ನಲ್ಲಿ ನಿಜವಾದ ಪೂರ್ತಿ ಹೆಸರು, ಶಾಲೆ, ಫೋಟೊ, ಫೋನ್ ನಂಬರ್ ಇಡಬಾರದು ಎಂದು ಮೊದಲೇ ಹೇಳಿಕೊಡಬೇಕು. ಆಟದೊಳಗೆ ಸಿಕ್ಕವನು ವಾಟ್ಸ್‌ಆ್ಯಪ್ ನಂಬರ್ ಕೇಳಿದರೆ, ಡೈಮಂಡ್ (ಆಟದೊಳಗಿನ ಹಣ) ಕೊಡುತ್ತೇನೆ ಪಾಸ್‌ವರ್ಡ್ ಕೊಡು ಎಂದರೆ, ಮನೆಯವರಿಗೆ ಹೇಳಬೇಡ ಎಂದರೆ, ಅವನ ರ್‍ಯಾಂಕ್ ಎಷ್ಟೇ ಮೇಲಿರಲಿ ಅಲ್ಲಿಗೇ ನಿಲ್ಲಿಸಬೇಕು. ಹಣದ ಮೋಸವಾದರೆ 1930, ಮಗುವಿಗೆ ಕಿರುಕುಳವಾದರೆ 1098 ಸಹಾಯವಾಣಿಗೆ ತಡಮಾಡದೆ ಕರೆ ಮಾಡಬೇಕು.

ಆಡುವ ಹುಡುಗ ಹುಡುಗಿಯರಿಗೂ ಒಂದು ಮಾತು. ಜೊತೆಗಾರನನ್ನು ಆರಿಸುವಾಗ ಕೆಡಿ ನೋಡಿ, ತಪ್ಪಿಲ್ಲ. ಅದರ ಜೊತೆಗೆ ನಡತೆಯ ಅಂಕ ನೋಡಿ. ನಿಮ್ಮ ತಂಡಕ್ಕೆ ಯಾವ ಪಾತ್ರ ಬೇಕು ಎಂದು ಯೋಚಿಸಿ. ಒಂದು ಪಂದ್ಯ ಒಟ್ಟಿಗೆ ಆಡಿ, ಬಿದ್ದಾಗ ಅವನು ನಿಮ್ಮ ಕಡೆ ಓಡಿಬಂದನೇ, ಸೋತಾಗ ಯಾರನ್ನು ಬೈದ ಎಂಬುದನ್ನು ಗಮನಿಸಿ. ಅಷ್ಟು ತಿಳಿದರೆ ಪ್ರೊಫೈಲ್‌ನ ಅಗತ್ಯವೇ ಕಡಿಮೆಯಾಗುತ್ತದೆ.

ರ್‍ಯಾಂಕ್ ಪಣಕ್ಕಿಡದ ಪಂದ್ಯಗಳು ಬಿಜಿಎಂಐ, ಫ್ರೀ ಫೈರ್ ಎರಡರಲ್ಲೂ ಇವೆ. ದಿನಕ್ಕೆ ಅಂಥದ್ದೊಂದು ಪಂದ್ಯದಲ್ಲಿ ನಾಲ್ಕನೆಯ ಜಾಗವನ್ನು ಹೊಸಬನಿಗೆ ಬಿಟ್ಟುಕೊಡಿ, ಪ್ರೊಫೈಲ್ ತೆರೆಯದೆ. ಯಾರೂ ಕರೆಯದಿದ್ದರೆ ಅವನು ಆಡುವುದು ಕಲಿಯುವುದಿಲ್ಲ. ಕಲಿಯದಿದ್ದರೆ ಅವನ ರ್‍ಯಾಂಕ್ ಏರುವುದಿಲ್ಲ. ರ್‍ಯಾಂಕ್ ಏರದಿದ್ದರೆ ಯಾರೂ ಕರೆಯುವುದಿಲ್ಲ. ಈ ಸುತ್ತನ್ನು ಯಾವ ಕಂಪನಿಯೂ ಯಾವ ಕಾನೂನೂ ನಿಮಗಾಗಿ ಮುರಿಯಲಾರದು, ಒಳಗೆ ಈಗಾಗಲೇ ಜಾಗ ಸಿಕ್ಕಿರುವ ನೀವು ಮೂವರು ಮುರಿಯಬಲ್ಲಿರಿ.